ಆಟದಲ್ಲಿ ನಾಯಕಿಯನ್ನು ಹುಡುಕುವುದು ಹೇಗೆ, ಸಿಗದಿದ್ದರೆ ರೂಪಿಸುವುದು ಹೇಗೆ

ಹಾಸನದ ನನ್ನ ಅಣ್ಣನ ಮನೆಯಲ್ಲಿ ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಅವನ ಒಂಬತ್ತು ವರ್ಷದ ಮಗಳು ಹೊಸದಾಗಿ ಇಳಿಸಿಕೊಂಡ ಓಟದ ಆಟವೊಂದನ್ನು ಫೋನಿನಲ್ಲಿ ತೆರೆದು, ಪರದೆಯನ್ನು ನನ್ನ ಕಡೆಗೆ ತಿರುಗಿಸಿ, "ಅತ್ತೆ, ಇದರಲ್ಲಿ ನಾನು ಯಾರು?" ಎಂದು ಕೇಳಿದಳು. ಓಡಲು ಸಿದ್ಧನಾಗಿ ನಿಂತಿದ್ದವನು ಒಬ್ಬ ಹುಡುಗ. ಅವನ ಪಕ್ಕದಲ್ಲಿ ಬೀಗದ ಗುರುತಿನ ಹಿಂದೆ ಒಬ್ಬ ಹುಡುಗಿಯ ಚಿತ್ರವಿತ್ತು. ಸಾವಿರಾರು ನಾಣ್ಯಗಳನ್ನು ಕೂಡಿಹಾಕಿದ ಮೇಲೆ, ಇಲ್ಲವೇ ದುಡ್ಡು ಕೊಟ್ಟ ಮೇಲೆ ಮಾತ್ರ ಅವಳು ಆಡುವವರ ಕೈಗೆ ಬರುತ್ತಿದ್ದಳು. "ಸದ್ಯಕ್ಕೆ ಇವನೇ ನೀನು" ಎಂದೆ. ಹಾಗೆ ಹೇಳಿದ್ದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಆ ದಿನದಿಂದ ನಾನು ಕಲಿತುಕೊಂಡ ಕ್ರಮವನ್ನು, ಮನೆಯ ಹೆಣ್ಣುಮಗುವಿಗೆ ಆಟ ಆರಿಸಿಕೊಡುವ ತಂದೆತಾಯಿಯರಿಗೆ, ಅಕ್ಕ ಅಣ್ಣಂದಿರಿಗೆ ಮತ್ತು ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಶಿಕ್ಷಕರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಪರೀಕ್ಷಿಸುವ ಬಗೆ

ಆಟದ ಮುಖಚಿತ್ರದಲ್ಲಿ ಹೆಣ್ಣೊಬ್ಬಳು ಕಾಣಿಸಿಕೊಂಡಳು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಬೇಡಿ. ವಿಡಿಯೋ ಗೇಮುಗಳಲ್ಲಿ ಹೆಣ್ಣು ಮೊದಲಿನಿಂದಲೂ ಇದ್ದಾಳೆ. ಪ್ರಶ್ನೆ ಇರುವುದು ಅವಳು ಆಡುವವರ ಹಿಡಿತದಲ್ಲಿ ಇದ್ದಾಳೆಯೇ ಎಂಬುದರ ಬಗ್ಗೆ. 1981ರ ಡಾಂಕಿ ಕಾಂಗ್ ಆಟದಲ್ಲಿ ಪಾಲೀನ್ ಎಂಬವಳನ್ನು ಗೊರಿಲ್ಲಾ ಹೊತ್ತೊಯ್ಯುತ್ತದೆ, ಅವಳನ್ನು ಬಿಡಿಸಲು ಗಂಡಸು ಏಣಿ ಹತ್ತುತ್ತಾನೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿಯೂ ರಾಜಕುಮಾರಿ ಸೆರೆಯಲ್ಲಿರುತ್ತಾಳೆ. 1986ರಲ್ಲಿ ಆರಂಭವಾದ ಜೆಲ್ಡಾ ಸರಣಿಗೆ ರಾಜಕುಮಾರಿಯದೇ ಹೆಸರಿದ್ದರೂ, ಮುಖ್ಯ ಸರಣಿಯ ಆಟವೊಂದನ್ನು ಬಹುಪಾಲು ಆಕೆಯಾಗಿಯೇ ಆಡಲು 2024ರ ಎಕೋಸ್ ಆಫ್ ವಿಸ್ಡಮ್ ಬರುವವರೆಗೆ ಕಾಯಬೇಕಾಯಿತು. ಆದ್ದರಿಂದ ಹೆಸರನ್ನೂ ಚಿತ್ರವನ್ನೂ ಬದಿಗಿಟ್ಟು, ಆ ಆಟವನ್ನು ಯಾರಾದರೂ ಆಡಿ ತೋರಿಸಿರುವ ವಿಡಿಯೋ ಒಂದನ್ನು ಯೂಟ್ಯೂಬಿನಲ್ಲಿ ತೆರೆದು, ಮೊದಲ ಅರ್ಧ ಗಂಟೆಯನ್ನು ನೀವೇ ಕುಳಿತು ನೋಡಿ.

ನೋಡುವಾಗ ಮೊದಲು ಗಮನಿಸಬೇಕಾದದ್ದು ಬೀಗ. ಫೋನಿನ ಓಟದ ಆಟಗಳಲ್ಲಿ ಈ ತೊಂದರೆ ಹೆಚ್ಚು, ನಮ್ಮ ಊರುಗಳ ಮಕ್ಕಳು ಬಹುಪಾಲು ಆಡುವುದೂ ಫೋನಿನಲ್ಲಿಯೇ. 2015ರಲ್ಲಿ ಅಮೆರಿಕದ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಹೆಚ್ಚು ಜನಪ್ರಿಯವಾದ 50 ಓಟದ ಆಟಗಳನ್ನು ತಾನೇ ಇಳಿಸಿಕೊಂಡು ಲೆಕ್ಕ ಹಾಕಿ, ತಾನು ಕಂಡದ್ದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬರೆದಳು. ಗಂಡು ಹೆಣ್ಣೆಂದು ಗುರುತಿಸಬಹುದಾದ ಪಾತ್ರಗಳಿದ್ದ ಆಟಗಳಲ್ಲಿ ಶೇ. 98ರಷ್ಟರಲ್ಲಿ ಹುಡುಗನ ಪಾತ್ರವಿತ್ತು, ಶೇ. 46ರಷ್ಟರಲ್ಲಿ ಮಾತ್ರ ಹುಡುಗಿಯ ಪಾತ್ರವಿತ್ತು. ದುಡ್ಡಿಲ್ಲದೆ ಹುಡುಗಿಯಾಗಿ ಆಡಲು ಬಿಡುತ್ತಿದ್ದವು ಶೇ. 15ರಷ್ಟು ಮಾತ್ರ. ಟೆಂಪಲ್ ರನ್ ಆಟದಲ್ಲಿ ಗಂಡು ಪಾತ್ರ ಮೊದಲೇ ಸಿಗುತ್ತಿತ್ತು, ಸ್ಕಾರ್ಲೆಟ್ ಎಂಬ ಹೆಣ್ಣು ಪಾತ್ರಕ್ಕೆ ನಾಣ್ಯ ತೆರಬೇಕಿತ್ತು. ಅವಳ ಬರಹ ಪ್ರಕಟವಾದ ಮೇಲೆ ಆ ಆಟ ತಯಾರಿಸಿದವರು ಉಚಿತ ಹೆಣ್ಣು ಪಾತ್ರವೊಂದನ್ನು ಸೇರಿಸುವುದಾಗಿ ತಿಳಿಸಿದರು. ನೀವು ಮಾಡಬೇಕಾದದ್ದು ಇಷ್ಟು: ಮಗುವಿಗೆ ಫೋನ್ ಕೊಡುವ ಮೊದಲು ಪಾತ್ರ ಆರಿಸುವ ಪುಟವನ್ನು ತೆರೆದು, ಹುಡುಗಿಯ ಪಾತ್ರ ಮೊದಲ ದಿನವೇ ಸಿಗುತ್ತದೆಯೇ ಎಂದು ನೋಡುವುದು. ಕೆಲವು ಬೀಗಗಳು ಹಗುರವಾಗಿರುತ್ತವೆ. ಸಬ್‌ವೇ ಸರ್ಫರ್ಸ್ ಆಟದಲ್ಲಿ ಟ್ರಿಕಿ ಎಂಬ ಹುಡುಗಿಯನ್ನು ಪಡೆಯಲು ಮೂರು ಟೋಪಿ ಸಂಗ್ರಹಿಸಿದರೆ ಸಾಕು. ಆ ಕೆಲಸವನ್ನು ನೀವೇ ಮೊದಲು ಮುಗಿಸಿ, ಆಮೇಲೆ ಫೋನನ್ನು ಮಗುವಿನ ಕೈಗೆ ಕೊಡಬಹುದು.

ಎರಡನೆಯದಾಗಿ, ನಾಯಕಿ ಎಷ್ಟು ಹೊತ್ತು ಆಡುವವರ ಕೈಯಲ್ಲಿರುತ್ತಾಳೆ ಎಂಬುದನ್ನು ನೋಡಿ. ಕೆಲವು ಆಟಗಳಲ್ಲಿ ಅವಳು ಒಂದೆರಡು ಅಧ್ಯಾಯಗಳಿಗೆ ಬಂದು, ಮತ್ತೆ ನಾಯಕನ ಹಿಂದೆ ಸರಿಯುತ್ತಾಳೆ. ಗಂಡು ಹೆಣ್ಣು ಎರಡರಲ್ಲಿ ಒಂದನ್ನು ಆರಿಸಬಹುದಾದ ಆಟಗಳ ವಿಷಯ ಬೇರೆ. 2007ರ ಮಾಸ್ ಎಫೆಕ್ಟ್‌ನಲ್ಲಿ ಶೆಪರ್ಡ್ ಎಂಬ ಸೇನಾಧಿಕಾರಿಯನ್ನು ಹೆಣ್ಣಾಗಿ ಆರಿಸಿಕೊಂಡರೆ, ಅವಳಿಗೆ ಜೆನಿಫರ್ ಹೇಲ್ ಎಂಬ ನಟಿಯ ಪೂರ್ಣ ಧ್ವನಿ ಸಿಗುತ್ತಿತ್ತು; ಕಥೆಯ ತುಂಬ ಅವಳೇ ಇರುತ್ತಿದ್ದಳು. ಆದರೂ ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಕಂಡದ್ದು ಗಂಡು ಶೆಪರ್ಡ್ ಮಾತ್ರ, ಹೆಣ್ಣು ಶೆಪರ್ಡ್ ಮುಖಚಿತ್ರಕ್ಕೆ ಬಂದದ್ದು 2012ರ ಮೂರನೆಯ ಆಟದಲ್ಲಿ. ಹೀಗಾಗಿ ಒಳ್ಳೆಯ ನಾಯಕಿಯೊಬ್ಬಳು ಆಟದ ಒಳಗಿದ್ದೂ ಅಂಗಡಿಯ ಪುಟದಲ್ಲಿ ನಿಮ್ಮ ಕಣ್ಣಿಗೆ ಬೀಳದಿರಬಹುದು. ಆಯ್ಕೆ ಇದೆಯೇ ಎಂದು ಪ್ರತ್ಯೇಕವಾಗಿ ಹುಡುಕಿ ನೋಡುವುದು ಅಗತ್ಯ.

ಈ ಕೊರತೆಗೆ ಮಾರುಕಟ್ಟೆಯ ಒಂದು ನಂಬಿಕೆಯೂ ಕಾರಣ. 2013ರ ರಿಮೆಂಬರ್ ಮಿ ಆಟವನ್ನು ರೂಪಿಸಿದ ಫ್ರಾನ್ಸಿನ ತಂಡ, ನಾಯಕಿ ಹೆಣ್ಣಾದರೆ ಆಟ ಮಾರಾಟವಾಗದು ಎಂದು ಕೆಲವು ಪ್ರಕಾಶಕರು ತಮ್ಮನ್ನು ಹಿಂದಕ್ಕೆ ಕಳುಹಿಸಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿತು. ಅದೇ ತಂಡ 2015ರಲ್ಲಿ ಮ್ಯಾಕ್ಸ್ ಎಂಬ ಹುಡುಗಿಯ ಕಥೆಯಾದ ಲೈಫ್ ಈಸ್ ಸ್ಟ್ರೇಂಜ್ ಆಟವನ್ನು ಹೊರತಂದಿತು, ಲಕ್ಷಾಂತರ ಜನ ಅದನ್ನು ಆಡಿದರು. ಇನ್ನು ಸಂಖ್ಯೆಯ ಮಾತಿಗೆ ಬಂದರೆ, ಹೊಸ ಆಟಗಳನ್ನು ಪರಿಚಯಿಸುತ್ತಿದ್ದ ಅಮೆರಿಕದ ಇ3 ಮೇಳದಲ್ಲಿ 2015ರಲ್ಲಿ ಪ್ರದರ್ಶಿತವಾದ 76 ಆಟಗಳನ್ನು, ಆಟಗಳಲ್ಲಿ ಹೆಣ್ಣಿನ ಚಿತ್ರಣವನ್ನು ವಿಮರ್ಶಿಸುತ್ತಿದ್ದ ಫೆಮಿನಿಸ್ಟ್ ಫ್ರೀಕ್ವೆನ್ಸಿ ಸಂಸ್ಥೆ ಎಣಿಸಿದಾಗ, ಹೆಣ್ಣನ್ನೇ ನಾಯಕಿಯಾಗಿಸಿದ್ದ ಆಟಗಳು 7, ಗಂಡನ್ನೇ ನಾಯಕನಾಗಿಸಿದ್ದವು 24. ಈ ಅಂತರ ಇರುವುದರಿಂದಲೇ ಹುಡುಕುವ ಶ್ರಮ ನಮ್ಮ ಮೇಲೆ ಬೀಳುತ್ತದೆ.

ಯಾರಿಗೆ ಯಾವುದು

ಚಿಕ್ಕ ಮಕ್ಕಳಿಗೆ ಮೈನ್‌ಕ್ರಾಫ್ಟ್ ಸುಲಭದ ದಾರಿ. ಅದರಲ್ಲಿ ಸ್ಟೀವ್ ಎಂಬ ಗಂಡು ಪಾತ್ರದ ಜೊತೆಗೆ 2014ರಿಂದ ಅಲೆಕ್ಸ್ ಎಂಬ ಹೆಣ್ಣು ಪಾತ್ರವೂ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಹತ್ತು ವರ್ಷ ದಾಟಿದವರಿಗೆ ನಾನು ಮೊದಲು ಹೇಳುವ ಹೆಸರು ಸೆಲೆಸ್ಟ್. 2018ರ ಈ ಆಟದಲ್ಲಿ ಮ್ಯಾಡೆಲಿನ್ ಎಂಬ ಯುವತಿ, ತನ್ನೊಳಗಿನ ಅಂಜಿಕೆಯ ಜೊತೆ ಸೆಣಸುತ್ತ ಒಂದು ಬೆಟ್ಟವನ್ನು ಹತ್ತುತ್ತಾಳೆ. ಅವಳನ್ನು ಯಾರೂ ಕಾಪಾಡಲು ಬರುವುದಿಲ್ಲ, ಅವಳು ಯಾರ ಮೆಚ್ಚುಗೆಗಾಗಿಯೂ ಹತ್ತುವುದಿಲ್ಲ, ಬಿದ್ದಾಗಲೆಲ್ಲ ಅದೇ ಕ್ಷಣ ಮತ್ತೆ ಎದ್ದು ಆಡಬಹುದು. ಮುಳ್ಳಯ್ಯನಗಿರಿಗೆ ಸರ್ಪದಾರಿಯಿಂದ ನಡೆದು ಹತ್ತಿದ ಚಿಕ್ಕಮಗಳೂರಿನ ಮಕ್ಕಳಿಗೆ ಆ ಗಾಳಿ, ಆ ಕಡಿದಾದ ಅಂಚು ತಕ್ಷಣ ಅರ್ಥವಾಗುತ್ತವೆ. ದುಡ್ಡು ಕೊಡುವ ಮೊದಲು ನೋಡಬೇಕೆನ್ನುವವರಿಗೆ ಇದರ ಮೂಲರೂಪವಾದ ಸೆಲೆಸ್ಟ್ ಕ್ಲಾಸಿಕ್ ಬ್ರೌಸರಿನಲ್ಲಿಯೇ ಉಚಿತವಾಗಿ ಸಿಗುತ್ತದೆ. 2016ರಲ್ಲಿ ಇಬ್ಬರು ಸೇರಿ ನಾಲ್ಕೇ ದಿನಗಳಲ್ಲಿ ಅದನ್ನು ರೂಪಿಸಿದ್ದರು. ಈ ನಾಲ್ಕು ದಿನಗಳ ವಿಷಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶದ ಕಥೆಯೇ ಬೇಕೆಂದರೆ ಪುಣೆಯ ತಂಡವೊಂದು 2020ರಲ್ಲಿ ಹೊರತಂದ ರಾಜಿ ಇದೆ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಡುವ ಅಕ್ಕನ ಕಥೆ ಅದು. ಕಾದಾಟ ಬೇಡ ಎನ್ನುವವರಿಗೆ 2023ರ ವೆಂಬಾ ಇದೆ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ತಾಯಿಯೊಬ್ಬಳು ಹರಿದುಹೋದ ಅಡುಗೆ ಪುಸ್ತಕದಿಂದ ಮರೆತ ಅಡುಗೆಗಳನ್ನು ಮತ್ತೆ ಕಟ್ಟಿಕೊಳ್ಳುವುದೇ ಅಲ್ಲಿನ ಆಟ. ಹೊರೈಜನ್ ಜೀರೋ ಡಾನ್‌ನ ಅಲಾಯ್ ನನಗೆ ಬಹಳ ಪ್ರಿಯವಾದ ನಾಯಕಿ. ಆದರೆ ಅದಕ್ಕೆ ಪ್ಲೇಸ್ಟೇಷನ್ ಅಥವಾ ಬಲವಾದ ಕಂಪ್ಯೂಟರ್ ಬೇಕು, ಪ್ರೌಢಶಾಲೆ ಮುಗಿಸುವ ವಯಸ್ಸಿನವರಿಗೆ ಅದು ಸರಿ. 1996ರಲ್ಲಿ ಬಂದು ಹೆಸರಾದ ಟೂಂಬ್ ರೈಡರ್ ಸರಣಿಯ 2013ರ ಆಟ, ದಿ ಲಾಸ್ಟ್ ಆಫ್ ಅಸ್‌ನ ಎರಡನೆಯ ಭಾಗ ಇವೆಲ್ಲ ದೊಡ್ಡವರಿಗೆ ಮಾತ್ರ. ನಾಯಕಿ ಇದ್ದಾಳೆಂಬ ಸಂತೋಷದಲ್ಲಿ ವಯಸ್ಸಿನ ಗುರುತನ್ನು ನೋಡುವುದು ಮರೆಯಬಾರದು.

ಕ್ರೀಡೆಯ ಆಟಗಳಲ್ಲಿ ಹೆಣ್ಣುಮಕ್ಕಳ ತಂಡಗಳು ಬಂದದ್ದು ತಡವಾಗಿ. ಫುಟ್ಬಾಲಿನ ಫಿಫಾ ಸರಣಿಗೆ ಮಹಿಳೆಯರ 12 ರಾಷ್ಟ್ರೀಯ ತಂಡಗಳು ಸೇರಿದ್ದು 2015ರ ಫಿಫಾ 16ರಲ್ಲಿ. ಕ್ರಿಕೆಟ್ಟಿನಲ್ಲಿ 2017ರ ಆಶಸ್ ಕ್ರಿಕೆಟ್ ಆಟ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ಮಹಿಳಾ ತಂಡಗಳನ್ನು ಒಳಗೊಂಡಿತ್ತು. ಅದೇ 2017ರಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ ಲಾರ್ಡ್ಸ್‌ನಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್ ಆಡಿದ್ದನ್ನು ನಮ್ಮ ಜಿಲ್ಲೆಗಳ ಮನೆಮನೆಗಳಲ್ಲಿ ನೋಡಿದ್ದೇವೆ. ಕ್ರಿಕೆಟ್ ಆಟ ಕೊಳ್ಳುವವರು ಮಹಿಳಾ ತಂಡ ಇದೆಯೇ ಎಂದಷ್ಟೇ ನೋಡದೆ, ಒಬ್ಬ ಆಟಗಾರ್ತಿಯನ್ನು ರೂಪಿಸಿ ಅವಳ ವೃತ್ತಿಜೀವನವನ್ನೇ ಆಡುವ ಅವಕಾಶ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ಕೈಯಲ್ಲಿರುವ ಆಟದಲ್ಲಿ ನಾಯಕಿಯೇ ಇಲ್ಲದಿದ್ದರೆ

ಮನೆಯಲ್ಲಿ ಈಗಾಗಲೇ ಇರುವ ಆಟವನ್ನು ಬಿಸಾಡಬೇಕಾಗಿಲ್ಲ. 2012ರಲ್ಲಿ ಮೈಕ್ ಹೋಯ್ ಎಂಬ ತಂದೆ, ಜೆಲ್ಡಾ ಸರಣಿಯ ವಿಂಡ್ ವೇಕರ್ ಆಟದ ಸಂಭಾಷಣೆಯಲ್ಲಿ ನಾಯಕನನ್ನು ಗಂಡೆಂದು ಕರೆಯುವ ಪದಗಳನ್ನೆಲ್ಲ ಹೆಣ್ಣಿಗೆ ಒಪ್ಪುವಂತೆ ತಿದ್ದಿ ತನ್ನ ಮಗಳಿಗೆ ಕೊಟ್ಟನು. ಮರುವರ್ಷ ಆಟಗಳ ತಯಾರಿಕೆಯಲ್ಲೇ ಇದ್ದ ಮೈಕ್ ಮಿಕಾ ಎಂಬ ಇನ್ನೊಬ್ಬ ತಂದೆ ಡಾಂಕಿ ಕಾಂಗ್ ಆಟವನ್ನು ಬದಲಿಸಿ, ಪಾಲೀನ್ ಏಣಿ ಹತ್ತಿ ಮಾರಿಯೋನನ್ನು ಬಿಡಿಸುವಂತೆ ಮಾಡಿದನು; ಅವನ ಪುಟ್ಟ ಮಗಳು ಕೇಳಿದ್ದು ಅದನ್ನೇ. ಇಂಥ ತಾಂತ್ರಿಕ ತಿದ್ದುಪಡಿ ಎಲ್ಲರಿಂದ ಸಾಧ್ಯವಿಲ್ಲ. ಆದರೆ ಇವರಿಬ್ಬರೂ ಮಾಡಿದ ಕೆಲಸದ ಒಂದು ಪಾಲನ್ನು ಕನ್ನಡದ ಮನೆಗಳಲ್ಲಿ ಬರೀ ಬಾಯಿಮಾತಿನಿಂದಲೇ ಮಾಡಬಹುದು ಎಂಬುದು ನನ್ನ ಅನುಭವ.

ಅದನ್ನು ವಿವರಿಸುತ್ತೇನೆ. ನಮ್ಮ ಮಕ್ಕಳು ಆಡುವ ಆಟಗಳ ಭಾಷೆ ಬಹುತೇಕ ಇಂಗ್ಲಿಷ್. ಓದಲು ಬಾರದ ಮಗುವಿಗೆ ಪಕ್ಕದಲ್ಲಿ ಕುಳಿತ ಹಿರಿಯರು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ಕನ್ನಡದ ಕ್ರಿಯಾಪದ ಪ್ರಥಮ ಪುರುಷದಲ್ಲಿ ಲಿಂಗವನ್ನು ಮುಚ್ಚಿಡುವುದಿಲ್ಲ: "ಓಡಿದ" ಎಂದರೆ ಗಂಡು, "ಓಡಿದಳು" ಎಂದರೆ ಹೆಣ್ಣು. ಆದ್ದರಿಂದ "ಅವನು ಗುಹೆಗೆ ಹೋದ, ಅವನಿಗೆ ಕತ್ತಿ ಸಿಕ್ಕಿತು" ಎಂದು ನಾವು ಹೇಳುತ್ತಾ ಹೋದಂತೆ ಪ್ರತಿಯೊಂದು ವಾಕ್ಯವೂ ಮಗುವಿಗೆ, ಇದು ನಿನ್ನ ಕಥೆಯಲ್ಲ ಎಂದು ತಿಳಿಸುತ್ತಾ ಹೋಗುತ್ತದೆ. ಮಧ್ಯಮ ಪುರುಷದಲ್ಲಿ ಹೀಗಿಲ್ಲ. "ನೀನು ಗುಹೆಗೆ ಹೋದೆ, ನಿನಗೆ ಕತ್ತಿ ಸಿಕ್ಕಿತು" ಎಂದರೆ ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಆಡುತ್ತಿರುವ ಮಗು ಮಾತ್ರ ಇದೆ. ಕವಚ ತೊಟ್ಟ, ಮುಖವೇ ಕಾಣದ ಪಾತ್ರಗಳಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. 1986ರ ಮೆಟ್ರಾಯ್ಡ್ ಆಟದಲ್ಲಿ ಸ್ಯಾಮಸ್ ಕೊನೆಯವರೆಗೂ ಕವಚದೊಳಗೇ ಇದ್ದು, ಬೇಗ ಆಡಿ ಮುಗಿಸಿದವರಿಗೆ ಮಾತ್ರ ಹೆಣ್ಣೆಂದು ತಿಳಿಯುತ್ತಿತ್ತು. ಆಟದ ಜೊತೆಗೆ ಬಂದ ಕೈಪಿಡಿಯೂ ಅವಳನ್ನು ಗಂಡೆಂದೇ ಕರೆದಿತ್ತು. ಕವಚ ತೊಟ್ಟವರು ಗಂಡಸರೇ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಒಂದು ವಾರ ಮಧ್ಯಮ ಪುರುಷದಲ್ಲಿ ಹೇಳಿ ನೋಡಿ, ಮಗು ಕೇಳುವ ಪ್ರಶ್ನೆಗಳು ಬೇರೆಯಾಗುತ್ತವೆ. ಆದರೆ ಪರದೆಯ ಮೇಲೆ ಗಂಡಸಿನ ಮುಖ ಸ್ಪಷ್ಟವಾಗಿ ಕಾಣುತ್ತಿರುವಾಗ ಅವನನ್ನು ಹೆಣ್ಣೆಂದು ನಂಬಿಸಲು ಹೋಗಬೇಡಿ. ಮಕ್ಕಳು ಅದನ್ನು ಕೂಡಲೇ ಹಿಡಿಯುತ್ತಾರೆ, ನಿಮ್ಮ ಮಾತಿನ ಮೇಲಿನ ವಿಶ್ವಾಸವೂ ಕಡಿಮೆಯಾಗುತ್ತದೆ.

ಸ್ವಂತ ನಾಯಕಿಯನ್ನು ರೂಪಿಸುವ ಬಗೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಕಂಪ್ಯೂಟರ್ ಕಲಿಯುತ್ತಿರುವ ಅಕ್ಕಂದಿರು ಬಹಳ ಮನೆಗಳಲ್ಲಿ ಇದ್ದಾರೆ, ಅವರಿಗೆ ಇದು ಕೈಗೆಟುಕುವ ಕೆಲಸ; ಸೆಲೆಸ್ಟ್ ಕ್ಲಾಸಿಕ್‌ನ ಆ ನಾಲ್ಕು ದಿನಗಳನ್ನು ನೆನಪಿಸಿಕೊಳ್ಳಿ. 2014ರಲ್ಲಿ ಅಸಾಸಿನ್ಸ್ ಕ್ರೀಡ್ ಯೂನಿಟಿ ಆಟದಲ್ಲಿ ಹೆಣ್ಣಾಗಿ ಆಡುವ ಅವಕಾಶ ಏಕಿಲ್ಲ ಎಂದು ಕೇಳಿದಾಗ, ಚಲನೆಗಳನ್ನು ಮತ್ತೊಮ್ಮೆ ರೂಪಿಸುವ ಕೆಲಸ ಬಹಳ ಹೆಚ್ಚಾಗುತ್ತದೆ ಎಂಬ ಕಾರಣವನ್ನು ತಂಡದವರು ಕೊಟ್ಟರು. ಅದೇ ಸರಣಿಯಲ್ಲಿ ಹಿಂದೆ ದುಡಿದಿದ್ದ ಜೋನಾಥನ್ ಕೂಪರ್ ಎಂಬ ಅನಿಮೇಟರ್, ಅದು ಒಂದೆರಡು ದಿನಗಳ ಕೆಲಸ ಎಂದು ಹೇಳಿದರು. ಮೂರು ಆಯಾಮದ ಪಾತ್ರಗಳ ಚಲನೆ ಒಳಗಿನ ಎಲುಬುಗೂಡಿಗೆ ಸೇರಿದ್ದು. ಒಂದು ಗೂಡಿಗೆ ಮಾಡಿದ ಓಟವನ್ನು ಇನ್ನೊಂದಕ್ಕೆ ಹೊಂದಿಸಿ, ನಂತರ ತಿದ್ದಿಕೊಳ್ಳಬಹುದು. ನೀವು ಮಾಡಲಿರುವ ಚಿಕ್ಕ 2ಡಿ ಆಟದಲ್ಲಿ ಈ ತೊಡಕೂ ಇಲ್ಲ. ನಾಯಕಿಯನ್ನೇ ಮೊದಲು ಬರೆದರೆ ಯಾವ ಹೆಚ್ಚಿನ ಕೆಲಸವೂ ಬೀಳುವುದಿಲ್ಲ.

ಹತ್ತು ಹನ್ನೆರಡು ವರ್ಷದವರಿಗೆ ಬಣ್ಣದ ತುಂಡುಗಳನ್ನು ಜೋಡಿಸಿ ಆಟ ಕಟ್ಟುವ ಸ್ಕ್ರ್ಯಾಚ್ ಎಂಬ ತಂತ್ರಾಂಶ ಸಾಕು, ಅದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಅದರಲ್ಲಿ ಪಾತ್ರದ ವೇಷವನ್ನು ಮಗುವೇ ಬಿಡಿಸಬಹುದು, ಇಂಟರ್ನೆಟ್ ಇಲ್ಲದೆಯೂ ಬಳಸಬಹುದು. ದೊಡ್ಡವರು ಆಟ ಕಟ್ಟಲು ಗೊಡೊ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಲಿ, ಅದೂ ನಾಲ್ಕನೆಯ ಆವೃತ್ತಿಯನ್ನೇ ಆರಿಸಲಿ; ಹಿಂದಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬರುತ್ತಿದ್ದವು, 2023ರಲ್ಲಿ ಬಂದ ನಾಲ್ಕನೆಯದರಲ್ಲಿ ಅವು ಸರಿಯಾಗಿ ಮೂಡುತ್ತವೆ. ನೋಟೋ ಸಾನ್ಸ್ ಕನ್ನಡ ಎಂಬ ಉಚಿತ ಅಕ್ಷರವಿನ್ಯಾಸವನ್ನು ಸೇರಿಸಿಕೊಳ್ಳಿ. ಹೊಸ ದೃಶ್ಯದಲ್ಲಿ ಕ್ಯಾರೆಕ್ಟರ್‌ಬಾಡಿ2ಡಿ ಎಂಬ ನೋಡ್ (ಗೊಡೊದಲ್ಲಿ ದೃಶ್ಯವನ್ನು ಕಟ್ಟುವ ಬಿಡಿಭಾಗ) ಇಟ್ಟು, ಅದರ ಕೆಳಗೆ ಚಿತ್ರಕ್ಕಾಗಿ ಅನಿಮೇಟೆಡ್‌ಸ್ಪ್ರೈಟ್2ಡಿಯನ್ನೂ ಡಿಕ್ಕಿಯ ಗಡಿಗಾಗಿ ಕೊಲಿಷನ್‌ಶೇಪ್2ಡಿಯನ್ನೂ ಸೇರಿಸಿ, ಸ್ಕ್ರಿಪ್ಟ್ ಜೋಡಿಸುವಾಗ ಸಿದ್ಧವಾಗಿ ಸಿಗುವ ಮೂಲ ಚಲನೆಯ ಮಾದರಿಯನ್ನು ಆರಿಸಿದರೆ, ಬಾಣದ ಕೀಲಿಗಳಿಂದ ನಡೆದು, ಸ್ಪೇಸ್ ಕೀಲಿಯಿಂದ ಜಿಗಿಯುವ ಪಾತ್ರ ಒಂದೇ ಸಂಜೆಯಲ್ಲಿ ಸಿದ್ಧವಾಗುತ್ತದೆ. ಚಿತ್ರಗಳನ್ನು ಬ್ರೌಸರಿನಲ್ಲಿ ತೆರೆಯುವ ಪಿಸ್ಕೆಲ್‌ನಲ್ಲಿ ಬಿಡಿಸಬಹುದು: 32 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ, ನಡಿಗೆಗೆ ನಾಲ್ಕು ಚೌಕಟ್ಟು, ಜಿಗಿತಕ್ಕೆ ಎರಡು.

ಅಷ್ಟು ಚಿಕ್ಕ ಚೌಕದಲ್ಲಿ ಹೆಣ್ಣೆಂದು ತೋರಿಸಲು ಹೊರಟಾಗ ಕೈ ತಾನಾಗಿ ತಲೆಯ ಮೇಲೊಂದು ರಿಬ್ಬನ್ ಇಡುತ್ತದೆ. 1982ರ ಮಿಸ್ ಪ್ಯಾಕ್‌ಮ್ಯಾನ್ ಮಾಡಿದ್ದೂ ಅದನ್ನೇ, ಗಂಡಿನ ರೂಪಕ್ಕೆ ರಿಬ್ಬನ್ನು ಮತ್ತು ಲಿಪ್‌ಸ್ಟಿಕ್ಕು ಸೇರಿಸುವುದನ್ನು. ಇದರ ಬದಲು ಅವಳು ಮಾಡುವ ಕೆಲಸದಿಂದ ಆರಂಭಿಸಿ. ಬೆಟ್ಟ ಹತ್ತುವವಳಾದರೆ ಜಡೆ ಎತ್ತಿ ಕಟ್ಟಿರುತ್ತದೆ, ಕಾಫಿ ತೋಟದಲ್ಲಿ ದುಡಿಯುವವಳಾದರೆ ಸೀರೆಯ ಮೇಲೆ ತುಂಬುತೋಳಿನ ಅಂಗಿ ಇರುತ್ತದೆ, ಮಳೆಗಾಲವಾದರೆ ತಲೆಯ ಮೇಲೆ ಗೊರಬು ಇರುತ್ತದೆ. ಇಂಥ ರೂಪರೇಖೆ ದೂರದಿಂದಲೂ ಗುರುತು ಸಿಗುತ್ತದೆ. ಭಂಗಿಗಳಿಗೆ ಬೇಲೂರಿಗೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನಾವು ಕನ್ನಡಿ ಹಿಡಿದವಳ ಚಿತ್ರದಿಂದ ಮಾತ್ರ ನೆನಪಿಟ್ಟಿದ್ದೇವೆ. ಅವರ ನಡುವೆ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಅವಳ ಸೊಂಟದ ತಿರುವು, ಕಾಲಿನ ಊರುವಿಕೆ, ಎತ್ತಿದ ತೋಳು ಇವುಗಳನ್ನು ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬಂದರೆ ಬಾಣ ಬಿಡುವ ಚಲನೆಗೆ ಅದೇ ಮೊದಲ ಚೌಕಟ್ಟು. ನನ್ನ ಅಣ್ಣನ ಮಗಳು ಅಲ್ಲಿ ಕತ್ತೆತ್ತಿ ನಿಂತು ಬಿಡಿಸಿದ ಚಿತ್ರದಲ್ಲಿ ಬಿಲ್ಲು ಅವಳಿಗಿಂತ ದೊಡ್ಡದಾಗಿತ್ತು, ಅದನ್ನು ಹಾಗೆಯೇ ಉಳಿಸಿಕೊಂಡೆವು.

ಶಾಂತಲೆಯನ್ನೇ ನಾಯಕಿಯಾಗಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಆ ರಾಣಿ ಇತಿಹಾಸದ ವ್ಯಕ್ತಿ. ಅವಳು ಮಾಡದ ಯುದ್ಧಗಳನ್ನು ಅವಳಿಂದ ಮಾಡಿಸುವುದು ನನಗೆ ಸರಿಯೆನಿಸುವುದಿಲ್ಲ, ಚಿಕ್ಕ ಮಕ್ಕಳು ಅದನ್ನೇ ಚರಿತ್ರೆಯೆಂದು ತಿಳಿಯುವ ಸಾಧ್ಯತೆಯೂ ಇದೆ. ಕಲ್ಪಿತ ಹುಡುಗಿಯೊಬ್ಬಳನ್ನು ಹಳೇಬೀಡಿನಲ್ಲೋ ಮೂಡಿಗೆರೆಯ ಕಡೆಯ ಅಂಗಡಿ ಎಂಬ ಊರಿನಲ್ಲೋ ನಡೆಸುವುದು ಒಳ್ಳೆಯದು. ಹುಲಿಯನ್ನು ಎದುರಿಸಿದ ಸಳನ ಕಥೆ ಹುಟ್ಟಿದ ಊರು ಅಂಗಡಿ. ಅಲ್ಲಿನ ಗುಡಿಯ ದಾರಿಯಲ್ಲಿ ಹುಡುಗಿಯೊಬ್ಬಳು ನಡೆದರೆ ಆಟಕ್ಕೆ ಬೇಕಾದ ಕುತೂಹಲ ತಾನಾಗಿ ಹುಟ್ಟುತ್ತದೆ.

ಸಂಭಾಷಣೆ ಬರೆಯುವಾಗ ಒಂದು ಎಚ್ಚರಿಕೆ ಬೇಕು. ಆಟದಲ್ಲಿ ಹುಡುಗ ಹುಡುಗಿ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಅವಕಾಶ ಇಟ್ಟಿದ್ದರೆ, ಒಂದೇ ವಾಕ್ಯ ಬರೆದು ಹೆಸರನ್ನು ಮಾತ್ರ ಬದಲಿಸಲು ಕನ್ನಡ ಬಿಡುವುದಿಲ್ಲ. "ಬಂದನು" "ಬಂದಳು", "ಬಿಲ್ಲುಗಾರ" "ಬಿಲ್ಲುಗಾರ್ತಿ", "ಗೆಳೆಯ" "ಗೆಳತಿ" ಹೀಗೆ ಎಲ್ಲವೂ ಬದಲಾಗಬೇಕು. ತುಂಡು ತುಂಡಾಗಿ ಜೋಡಿಸುವ ಬದಲು ಪ್ರತಿ ಸಾಲನ್ನೂ ಎರಡು ಸಲ ಪೂರ್ತಿಯಾಗಿ ಬರೆದು, ಆಯ್ಕೆಗೆ ತಕ್ಕ ಸಾಲನ್ನು ತೋರಿಸುವಂತೆ ಮಾಡಿ. ಬರೆಯುವಾಗ ಹುಡುಗಿಯ ಸಾಲನ್ನೇ ಮೊದಲು ಬರೆಯಿರಿ. ಎರಡನೆಯದಾಗಿ ಬರೆದ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ತಪ್ಪು ಉಳಿದೇ ಉಳಿಯುತ್ತದೆ, ಅದು ಇಷ್ಟು ದಿನ ಅವಳ ಪಾಲಿಗೇ ಬಂದಿದೆ.

ಅಂತರ್ಜಾಲದಲ್ಲಿ ಇತರರೊಡನೆ ಆಡುವ ಆಟಗಳಲ್ಲಿ ಅಪರಿಚಿತರ ಧ್ವನಿಯನ್ನು ಮೊದಲೇ ನಿಲ್ಲಿಸಿ, ಪರಿಚಿತ ಗೆಳತಿಯರ ಗುಂಪಿನಲ್ಲಿ ಮಾತ್ರ ಆಡಿಸಿ. ಬೈಗುಳಕ್ಕೆ ಹೆದರಿ ಗಂಡುಹೆಸರಿನಲ್ಲಿ ಆಡುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಆ ನಿರ್ಧಾರವನ್ನು ಅವರಿಗೇ ಬಿಡಿ, ಒತ್ತಾಯ ಬೇಡ. ಆಟ ಇಳಿಸಿಕೊಂಡ ಅಂಗಡಿಯ ಪುಟದಲ್ಲಿ ವಿಮರ್ಶೆ ಬರೆಯುವಾಗ, ನಾಯಕಿ ಯಾವ ಹಂತದಲ್ಲಿ, ಎಷ್ಟು ನಾಣ್ಯಕ್ಕೆ ಸಿಕ್ಕಳು ಎಂದು ಸ್ಪಷ್ಟವಾಗಿ ಬರೆಯಿರಿ. ಆ ಅಮೆರಿಕದ ಬಾಲಕಿಯ ಮಾತಿಗೆ ತೂಕ ಬಂದದ್ದು ಅವಳು ಎಣಿಸಿದ್ದರಿಂದ.

ನೀವು ರೂಪಿಸಿದ ಆಟ ಒಂದು ಹಂತಕ್ಕೆ ಬಂದ ಮೇಲೆ ಅದನ್ನು ಮಗುವಿನ ಕೈಗೆ ಕೊಟ್ಟು ಹಿಂದೆ ಕುಳಿತುಕೊಳ್ಳಿ, ಏನನ್ನೂ ವಿವರಿಸಬೇಡಿ. ಎಲ್ಲಿ ಸಿಕ್ಕಿಕೊಂಡಳು, ಎಲ್ಲಿ ಬೇಸರಪಟ್ಟಳು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ನಾಯಕಿ ಹಳ್ಳಕ್ಕೆ ಬಿದ್ದಾಗ "ಅವಳು ಬಿದ್ದಳು" ಎನ್ನುತ್ತಾಳೆಯೋ "ನಾನು ಬಿದ್ದೆ" ಎನ್ನುತ್ತಾಳೆಯೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಆಟದ ಮೊದಲ ರೂಪದಲ್ಲಿ ಜಿಗಿತ ತಡವಾಗಿ ಆಗುತ್ತಿತ್ತು, ಕೀಲಿ ಒತ್ತಿದ ಮೇಲೆ ಹುಡುಗಿ ಒಂದು ಕ್ಷಣ ನಿಂತು ಜಿಗಿಯುತ್ತಿದ್ದಳು, ಆಗೆಲ್ಲ ಅಣ್ಣನ ಮಗಳು "ಅವಳು ಜಿಗಿಯಲೇ ಇಲ್ಲ ಅತ್ತೆ" ಎನ್ನುತ್ತಿದ್ದಳು. ಆ ತಡವನ್ನು ತೆಗೆದು, ಅಂಚಿನಿಂದ ಕಾಲು ಜಾರಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಅವಕಾಶ ಕೊಟ್ಟು, ಮರುವಾರ ಮತ್ತೆ ಅವಳ ಮುಂದೆ ಇಟ್ಟೆ. ಮೂರನೆಯ ಬಂಡೆಯ ಬಳಿ ಅವಳು ಬಿದ್ದಳು. "ಅಯ್ಯೋ, ಬಿದ್ದೆ" ಎಂದು ಹೇಳಿ, ನನ್ನ ಕಡೆಗೆ ನೋಡದೆ ಮತ್ತೆ ಆಡತೊಡಗಿದಳು.